ಚಿಕ್ಕ ಜೂಮ್ ಲೆನ್ಸ್ ಕೊಳ್ಳುವ ಮುಂಚೆ ಗೋಡೆಗೆ ಪೇಪರ್ ಅಂಟಿಸಿ

ನನ್ನದು ಸೋನಿ ಎ6000 ಕ್ಯಾಮೆರಾ. ಅದರ ಜೊತೆ ಬಂದ 16-50 ಮಿ.ಮೀ. ಪವರ್ ಜೂಮ್ (ಮೋಟಾರಿನಿಂದ ಜೂಮ್ ಆಗುವ) ಲೆನ್ಸ್ ಬರೀ 116 ಗ್ರಾಂ, ಮುಚ್ಚಿಕೊಂಡರೆ 3 ಸೆಂಟಿಮೀಟರ್ ದಪ್ಪ. ಓರಗೆಯ ಭಾವ ಸಿಗ್ಮಾ 18-50 ಎಫ್2.8 ಲೆನ್ಸ್ ತಗೊಂಡ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದು ಬೆಳಕು ಬಿಡುತ್ತದೆ). ಅದು ಸುಮಾರು 290 ಗ್ರಾಂ. ಎರವಲು ತಂದು, ಎರಡನ್ನೂ ಮನೆಯಲ್ಲೇ ಹೋಲಿಸಿದೆ.

ಜಗಲಿಯ ಗೋಡೆಗೆ ದಿನಪತ್ರಿಕೆಯ ನಾಲ್ಕಾರು ಹಾಳೆಗಳನ್ನು ಸುಕ್ಕಿಲ್ಲದಂತೆ ಅಂಟಿಸಿ. ಫ್ರೇಮು ತುಂಬಬೇಕು. ಕ್ಯಾಮೆರಾ ಟ್ರೈಪಾಡ್ ಮೇಲೆ, ಗೋಡೆಗೆ ನೆಟ್ಟಗೆ. ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ (ಅಲುಗಾಟ ತಡೆಯುವ ವ್ಯವಸ್ಥೆ) ಇದ್ದರೆ ಆಫ್ ಮಾಡಿ, 2 ಸೆಕೆಂಡ್ ಟೈಮರ್ ಹಾಕಿ. 18, 35, 50ರಲ್ಲಿ, ಎರಡರಲ್ಲೂ ಎಫ್5.6 ಇಟ್ಟು ತೆಗೆಯಿರಿ. ಆಮೇಲೆ ಕಂಪ್ಯೂಟರಿನಲ್ಲಿ ಪೂರ್ತಿ ಹಿಗ್ಗಿಸಿ ನಾಲ್ಕೂ ಮೂಲೆಗಳ ಅಕ್ಷರ ಓದಿ. ನಡುಭಾಗ ನೋಡುತ್ತ ಕೂರಬೇಡಿ, ಅಲ್ಲಿ ಎಲ್ಲವೂ ಚೆಂದವೇ. ಒಂದೇ ಮೂಲೆ ಮಸುಕಾಗಿದ್ದರೆ ಕ್ಯಾಮೆರಾವನ್ನು ತಲೆಕೆಳಗು ಮಾಡಿ ಇನ್ನೊಮ್ಮೆ ತೆಗೆಯಿರಿ. ಫೋಟೊದಲ್ಲಿ ಮತ್ತೆ ಅದೇ ಮೂಲೆ ಮಸುಕಾದರೆ ದೋಷ ಲೆನ್ಸಿನದು. ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಇದನ್ನು ಬಿಡಲೇಬಾರದು.

16-50ರ ಜೆಪೆಗ್ (ಕ್ಯಾಮೆರಾ ತಾನೇ ತಿದ್ದಿ ಕೊಡುವ ಫೋಟೊ) ನೋಡಿ ಮೋಸಹೋಗಬೇಡಿ. 16ರಲ್ಲಿ ಗೆರೆಗಳು ಡೋಲಿನ ಹೊಟ್ಟೆಯಂತೆ ಉಬ್ಬುತ್ತವೆ. ಕ್ಯಾಮೆರಾ ಅದನ್ನು ತಾನೇ ಎಳೆದು ನೆಟ್ಟಗೆ ಮಾಡುತ್ತದೆ. ಹಾಗೆ ಎಳೆಸಿಕೊಂಡ ಮೂಲೆಗಳಲ್ಲಿ ಅಕ್ಷರ ಕಲಸಿದಂತೆ ಕಂಡದ್ದು ಅದಕ್ಕೇ. ಆದರೂ ಆ 16 ನನಗೆ ಬೇಕು. 83 ಡಿಗ್ರಿ ನೋಟ ಅದರದು, 18ಕ್ಕೆ ಸಿಗುವುದು ಸುಮಾರು 76. ಜಗಲಿಯಲ್ಲಿ ಊಟದ ಪಂಕ್ತಿ ತೆಗೆಯುವಾಗ ಹಿಂದೆ ಸರಿಯಲು ಗೋಡೆ ಬಿಡಬೇಕಲ್ಲ.

ಇನ್ನು ಯಕ್ಷಗಾನ. ನಿಜವಾದ ಪರೀಕ್ಷೆ ಅಲ್ಲೇ ಆದದ್ದು. ವೇಷಧಾರಿ ಮಂಡಿ ಹಾಕುತ್ತ ಸುತ್ತುವಾಗ ಶಟರ್ 1/250 ಸೆಕೆಂಡ್ ಆದರೂ ಬೇಕು. 50ರ ತುದಿಯಲ್ಲಿ ಕ್ಯಾಮೆರಾ ಜೊತೆ ಬಂದ 16-50 ಎಫ್5.6ಕ್ಕಿಂತ ತೆರೆಯುವುದಿಲ್ಲ, ಸಿಗ್ಮಾ ಎಫ್2.8, ಅಂದರೆ 4 ಪಟ್ಟು ಬೆಳಕು. ಒಂದರಲ್ಲಿ ಐಎಸ್‌ಒ (ಹೆಚ್ಚಿಸಿದಷ್ಟೂ ಫೋಟೊ ಬೆಳಗುತ್ತದೆ, ಆದರೆ ಕಾಳುಕಾಳಾಗುತ್ತದೆ) 6400 ಬೇಕಾದಲ್ಲಿ ಇನ್ನೊಂದರಲ್ಲಿ 1600 ಸಾಕು. "ಸಿಗ್ಮಾದಲ್ಲಿ ಸ್ಟೆಬಿಲೈಸೇಶನ್ ಇಲ್ಲವಲ್ಲ" ಅಂತ ಭಾವನೇ ಕೊರಗುತ್ತಿದ್ದ. ನನ್ನ ಕ್ಯಾಮೆರಾದಲ್ಲೂ ಇಲ್ಲ. ಆದರೆ ಅದು ತಡೆಯುವುದು ನಮ್ಮ ಕೈನಡುಕವನ್ನು, ಕುಣಿಯುವವನನ್ನಲ್ಲ. ಕತ್ತಲ ದೇವಸ್ಥಾನದಲ್ಲಿ ಕದಲದ ಕಂಬ ತೆಗೆಯುವವರಿಗೆ ಮಾತ್ರ ಲೆಕ್ಕ ಉಲ್ಟಾ.

ಪವರ್ ಜೂಮಿನ ಇನ್ನೊಂದು ಕಿರಿಕಿರಿ: ಕ್ಯಾಮೆರಾ ಆಫ್ ಮಾಡಿ ಆನ್ ಮಾಡಿದರೆ ಲೆನ್ಸ್ ಮತ್ತೆ 16ಕ್ಕೇ ಬಂದು ನಿಲ್ಲುತ್ತದೆ. ಮೋಟಾರು ತೆವಳಿ 50 ಮುಟ್ಟುವಷ್ಟರಲ್ಲಿ ಎಷ್ಟೋ ಪ್ರವೇಶಗಳು ತಪ್ಪಿವೆ.

ಸೋನಿ 18-135 ಬಗ್ಗೆ ಕೇಳುತ್ತೀರಿ. 325 ಗ್ರಾಂ, ಒಂದೇ ಲೆನ್ಸಿನಲ್ಲಿ ಪ್ರವಾಸ ಮುಗಿಸುವವರಿಗೆ ಒಳ್ಳೆಯದು. ಯಕ್ಷಗಾನದ ಆಟ ತೆಗೆಯುವವರಿಗಲ್ಲ.

ಫಿಲ್ಟರ್ ಅಳತೆಯನ್ನೂ ನೋಡಿಕೊಳ್ಳಿ. 16-50ಕ್ಕೆ 40.5 ಮಿ.ಮೀ., ಉಳಿದೆರಡಕ್ಕೂ 55. ಮಳೆಗಾಲದಲ್ಲಿ ಒದ್ದೆ ಎಲೆಗಳ ಹೊಳಪು ಕಡಿಮೆ ಮಾಡಲೆಂದು 16-50ಕ್ಕೆ ಕೊಂಡಿದ್ದ ನನ್ನ ಪೋಲರೈಸರ್ ಫಿಲ್ಟರ್ ಸಿಗ್ಮಾಕ್ಕೆ ಕೂರಲಿಲ್ಲ.