ಟರ್ಮಿನಲ್ ಎಷ್ಟು ಅಗಲ? ಯಾರನ್ನು ಕೇಳಬೇಕು?

ನಮ್ಮ ಸರ್ವರ್‌ಗಳಲ್ಲಿ ಫೈಲ್ ಕಾಪಿ ಮಾಡುವ ಒಂದು ಪುಟ್ಟ ಸಿ ಪ್ರೋಗ್ರಾಮ್ ಇದೆ. ಕೆಲಸ ಎಲ್ಲಿಗೆ ಬಂತು ಅಂತ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಬರೆಯುವ ವಿಂಡೋದಲ್ಲಿ, ಪ್ರೋಗ್ರೆಸ್ ಬಾರ್ ತೋರಿಸುತ್ತದೆ. ಅದರ ಅಗಲ 80 ಕಾಲಂ (ಒಂದು ಕಾಲಂ ಅಂದರೆ ಒಂದು ಅಕ್ಷರದ ಜಾಗ) ಅಂತ ಕೋಡ್‌ನಲ್ಲೇ ಬರೆದಿತ್ತು. ವಿಂಡೋ ದೊಡ್ಡದಿದ್ದರೆ ತೊಂದರೆ ಇಲ್ಲ. ಒಂದೇ ಟರ್ಮಿನಲನ್ನು ಹಂಚಿಕೊಡುವ ಟಿಮಕ್ಸ್‌ನಲ್ಲಿ ಪಕ್ಕಪಕ್ಕ ಎರಡು ಭಾಗ ಮಾಡಿಕೊಂಡರೆ ಮಾತ್ರ ರಂಪ. ಸಾಲು ಹಿಡಿಸದೆ ಕೆಳಗಿನ ಸಾಲಿಗೆ ಇಳಿಯುತ್ತದೆ. ಬಾರನ್ನು ಮತ್ತೆ ಬರೆಯಲು ಕಳಿಸುವ ಕ್ಯಾರೇಜ್ ರಿಟರ್ನ್ ಅಕ್ಷರ ಕರ್ಸರನ್ನು ಆ ಕೆಳಗಿನ ಸಾಲಿನ ಶುರುವಿಗೆ ತರುತ್ತದೆ ಅಷ್ಟೇ. ಮೇಲಿನ ತುಂಡು ಅಲ್ಲೇ ಉಳಿಯುತ್ತದೆ. ಬಾರ್ ಬದಲಾದಾಗಲೆಲ್ಲ ಇನ್ನೊಂದು ತುಂಡು. ಸ್ವಲ್ಪ ಹೊತ್ತಿಗೆ ಸ್ಕ್ರೀನ್ ತುಂಬಾ ಬರೀ ಈಕ್ವಲ್ ಚಿಹ್ನೆ.

80 ಅನ್ನುವುದು 1928ರ ಐಬಿಎಂ ಪಂಚ್ ಕಾರ್ಡಿನ ಕಾಲದ ಲೆಕ್ಕ. 1978ರ ವಿಟಿ100 ಟರ್ಮಿನಲ್ ಕೂಡ ಮಾಮೂಲಿಗೆ 80 ಕಾಲಂ, 24 ಸಾಲು. ಎಲ್ಲೂ ಉತ್ತರ ಸಿಗದಿದ್ದಾಗ ಹಿಡಿದುಕೊಳ್ಳಲು ಈಗಲೂ ಸರಿಯಾದ ಸಂಖ್ಯೆಯೇ. ಆದರೆ ಮೊದಲು ಕೇಳಿ ನೋಡಬೇಕು, ಅಲ್ವಾ?

ಎಲ್ಲರಿಗೂ ಮೊದಲು ಹೊಳೆಯುವುದು ಅಗಲ ಬರೆದಿರುವ ಕಾಲಮ್ಸ್ ಎನ್ನುವ ವೇರಿಯಬಲ್. ಕಮಾಂಡ್ ಓದಿ ನಡೆಸುವ ಬ್ಯಾಶ್ ಶೆಲ್‌ನಲ್ಲಿ ಎಕೋ ಮಾಡಿದರೆ ಸರಿಯಾದ ಅಗಲ ಬರುತ್ತದೆ. ಪ್ರೋಗ್ರಾಮಿನೊಳಗೆ ಗೆಟ್‌ಎನ್ವ್ ಮಾಡಿ ಅದೇ ವೇರಿಯಬಲ್ ಕೇಳಿದರೆ ನಲ್, ಅಂದರೆ ಏನೂ ಇಲ್ಲ! ಅದನ್ನು ಬ್ಯಾಶ್ ತನ್ನ ಹತ್ತಿರವೇ ಇಟ್ಟುಕೊಳ್ಳುತ್ತದೆ, ನಾವು ಎಕ್ಸ್‌ಪೋರ್ಟ್ ಮಾಡದ ಹೊರತು ಮುಂದೆ ದಾಟಿಸುವುದಿಲ್ಲ. ಮಾಡಿದರೂ ನಮ್ಮ ಪ್ರೋಗ್ರಾಮಿಗೆ ಸಿಗುವುದು ಅದು ಶುರುವಾದ ಹೊತ್ತಿನ ಅಗಲ. ಆಮೇಲೆ ವಿಂಡೋ ಎಳೆದರೆ ಗೊತ್ತಾಗುವುದಿಲ್ಲ. ಹಾಗಂತ ನಾನು ಅದನ್ನು ಕೈಬಿಡಲಿಲ್ಲ. ಯಾರಾದರೂ ಬೇಕಂತಲೇ ಅದನ್ನು ಸೆಟ್ ಮಾಡಿದ್ದರೆ ಅವರ ಮಾತು ಕೇಳಬೇಕು. ಪೈಥಾನ್ 3.3ರಿಂದ ಶಟಿಲ್ ಮಾಡ್ಯೂಲ್‌ನಲ್ಲಿರುವ ಫಂಕ್ಷನ್ನೂ ಹೀಗೇ ಮಾಡುತ್ತದೆ. ಮೊದಲು ವೇರಿಯಬಲ್, ಆಮೇಲೆ ಟರ್ಮಿನಲ್, ಏನೂ ಸಿಗದಿದ್ದರೆ 80.

ನಿಜವಾದ ಸಂಖ್ಯೆ ಇರುವುದು ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಹತ್ತಿರ. ಪ್ರತಿ ಟಿಟಿವೈಗೂ (ಕರ್ನಲ್ ಕಡೆಯಿಂದ ಟರ್ಮಿನಲ್‌ಗೆ ಇರುವ ಹೆಸರು) ಸಾಲು ಎಷ್ಟು, ಕಾಲಂ ಎಷ್ಟು ಅಂತ ಅದು ಬರೆದಿಟ್ಟುಕೊಂಡಿರುತ್ತದೆ. ಆ ವಿಂಡೋ ತೋರಿಸುವ ಟರ್ಮಿನಲ್ ಎಮ್ಯುಲೇಟರ್ ಅದನ್ನು ತುಂಬುತ್ತದೆ. ದೂರದ ಮಷೀನ್‌ಗೆ ಎಸ್‌ಎಸ್‌ಎಚ್‌ನಲ್ಲಿ ಬಂದಿದ್ದರೆ ಈ ಕಡೆಯ ಕ್ಲೈಂಟ್ ಹೊಸ ಅಳತೆಯನ್ನು ಆ ಕಡೆಗೆ ಮೆಸೇಜ್ ಆಗಿ ಕಳಿಸುತ್ತದೆ, ಅಲ್ಲಿನ ಸರ್ವರ್ ತುಂಬುತ್ತದೆ. ನಾವು ಟಿಐಓಸಿಜಿಡಬ್ಲ್ಯೂಐಎನ್‌ಎಸ್‌ಝಡ್ ಅನ್ನುವ ಉದ್ದ ಹೆಸರಿನ ಐಆಕ್ಟಲ್ (ಸಾಧನದ ಬಗ್ಗೆ ಕರ್ನಲನ್ನು ಕೇಳುವ ಕರೆ) ಕರೆದರೆ ಸಾಕು, ವಿನ್‌ಸೈಜ್ ಸ್ಟ್ರಕ್ಟ್ ತುಂಬಿ ಬರುತ್ತದೆ. ಯೂನಿಕ್ಸ್ ಸಿಸ್ಟಮ್‌ಗಳ ಮಾನದಂಡವಾದ ಪೊಸಿಕ್ಸ್‌ನ 2024ರ ಆವೃತ್ತಿಯಲ್ಲಿ ಇದಕ್ಕೇ ಟಿಸಿಗೆಟ್‌ವಿನ್‌ಸೈಜ್ ಅಂತ ಓದಲು ಹಿತವಾದ ಹೆಸರು ಬಂದಿದೆ. ನಮ್ಮಲ್ಲಿ ಹಳೆಯ ಮಷೀನ್‌ಗಳೂ ಇವೆ, ಹಾಗಾಗಿ ಐಆಕ್ಟಲ್‌ಗೇ ನಿಂತೆ.

ಕರೆಯುವುದು ಸುಲಭ. ಯಾವ ಫೈಲ್ ಡಿಸ್ಕ್ರಿಪ್ಟರ್ (ಪ್ರೋಗ್ರಾಮ್ ತೆರೆದ ಫೈಲ್, ಪೈಪ್ ಅಥವಾ ಟರ್ಮಿನಲ್‌ನ ನಂಬರು) ಮೇಲೆ ಕರೆಯಬೇಕು ಅನ್ನುವುದರಲ್ಲೇ ಎಲ್ಲ ಇದೆ. ಸ್ಟ್ಯಾಂಡರ್ಡ್ ಔಟ್‌ಪುಟ್ ಪೈಪ್‌ಗೆ ಹೋಗುತ್ತಿದ್ದರೆ ಇನಾಟ್‌ಟಿವೈ, ಅಂದರೆ ಇದು ಟರ್ಮಿನಲ್ ಅಲ್ಲ ಅನ್ನುವ ಎರರ್ ಬರುತ್ತದೆ. ಹಾಗಾದರೆ ಸ್ಟ್ಯಾಂಡರ್ಡ್ ಎರರ್ ಕೇಳೋಣ, ಅದೂ ಆಗದಿದ್ದರೆ /ಡೆವ್/ಟಿಟಿವೈ ಓಪನ್ ಮಾಡಿ ಕೇಳೋಣ ಅಂತ ಹಲವರು ಬರೆಯುತ್ತಾರೆ. ಅಗಲ ಸಿಗುತ್ತದೆ, ನಿಜ. ಆದರೆ ಆ ಅಗಲ ನಮಗೆ ಬೇಕಾ? ಔಟ್‌ಪುಟ್ ಗ್ರೆಪ್‌ಗೋ ಫೈಲಿಗೋ ಹೋಗುತ್ತಿದ್ದರೆ ಸ್ಕ್ರೀನ್ ಅಗಲಕ್ಕೆ ಸಾಲು ಕತ್ತರಿಸುವುದು ಅನ್ಯಾಯ. ಪಿಎಸ್ ಕಮಾಂಡ್ ಉದ್ದದ ಸಾಲನ್ನು ಅರ್ಧಕ್ಕೆ ಕತ್ತರಿಸಿದ್ದನ್ನು ನೋಡಿದವರಿಗೆ ಈ ಸಿಟ್ಟು ಗೊತ್ತು, ಅದಕ್ಕೇ ಸಾಲು ಕತ್ತರಿಸಬೇಡ ಅಂತ ಎರಡು ಡಬ್ಲ್ಯೂ ಹಾಕುವ ಅಭ್ಯಾಸ. ಪುಟಪುಟವಾಗಿ ತೋರಿಸುವ ಲೆಸ್‌ನಂಥ ಪೇಜರ್‌ಗೆ ಕೊಡುವಾಗ ಮಾತ್ರ ಅಗಲ ಬೇಕು. ಗಿಟ್ ಇದನ್ನು ಚೆನ್ನಾಗಿ ಮಾಡುತ್ತದೆ. ಪೇಜರ್ ಶುರು ಮಾಡುವ ಮೊದಲೇ ಅಗಲ ನೋಡಿಟ್ಟುಕೊಳ್ಳುತ್ತದೆ. ನಾನು ಕೊನೆಗೆ ಕೆಲಸ ನೋಡಿ ಬೇರೆ ಮಾಡಿದೆ. ಬಾರ್ ಹೋಗುವುದು ಸ್ಟ್ಯಾಂಡರ್ಡ್ ಎರರ್‌ಗೆ, ಆದ್ದರಿಂದ ಅದರ ಅಗಲವನ್ನು ಅಲ್ಲೇ ಕೇಳುತ್ತೇನೆ. ಫೈಲ್ ಪಟ್ಟಿ ಹೋಗುವುದು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ. ಅದು ಟರ್ಮಿನಲ್ ಅಲ್ಲದಿದ್ದರೆ ಸಾಲನ್ನು ಮುಟ್ಟುವುದೇ ಇಲ್ಲ.

ಶೆಲ್ ಸ್ಕ್ರಿಪ್ಟ್‌ನವರಿಗೆ ಒಂದು ಮಾತು. ಎಸ್‌ಟಿಟಿವೈ ಸೈಜ್ ಅನ್ನುವ ಕಮಾಂಡ್ ಸ್ಟ್ಯಾಂಡರ್ಡ್ ಇನ್‌ಪುಟ್ ನೋಡಿ ಅಳತೆ ಹೇಳುತ್ತದೆ. ಪೈಪಿನ ಮಧ್ಯೆ ಇದ್ದರೆ ಅದಕ್ಕೆ /ಡೆವ್/ಟಿಟಿವೈಯನ್ನು ಇನ್‌ಪುಟ್ ಆಗಿ ಕೊಡಿ. ಮೊದಲು ಬರುವುದು ಸಾಲು, ಆಮೇಲೆ ಕಾಲಂ.

ಐಆಕ್ಟಲ್ ಗೆದ್ದಿತು ಅಂತ ಸುಮ್ನೆ ಕೂರುವ ಹಾಗಿಲ್ಲ. ಸೀರಿಯಲ್ ಕನ್ಸೋಲ್‌ನಲ್ಲಿ ಎರರ್ ಇಲ್ಲದೆ 0 ಕಾಲಂ ಬರಬಹುದು. ಆ ತಂತಿಯ ಆಚೆ ಎಷ್ಟು ದೊಡ್ಡ ಸ್ಕ್ರೀನ್ ಇದೆ ಅಂತ ಕರ್ನಲ್‌ಗೆ ಯಾರು ಹೇಳಬೇಕು? ನಮ್ಮ ಕೋಡ್ ಆ 0ಯಿಂದ ಭಾಗಿಸಲು ಹೋದರೆ ಕಥೆ ಮುಗಿಯಿತು. ಅಲ್ಲಿ ಇನ್ನೊಂದು ಉಪಾಯ ಇದೆ. ಕರ್ಸರನ್ನು 999ನೇ ಸಾಲು, 999ನೇ ಕಾಲಂಗೆ ಹೋಗು ಅಂದರೆ ಅದು ಮೂಲೆಯಲ್ಲಿ ನಿಲ್ಲುತ್ತದೆ. ಆಗ ಎಸ್ಕೇಪ್, ಚೌಕ ಬ್ರಾಕೆಟ್, 6, ಎನ್ ಕಳಿಸಿದರೆ ಟರ್ಮಿನಲ್ ತಾನು ನಿಂತ ಜಾಗ ಹೇಳುತ್ತದೆ. ಎಕ್ಸ್‌ಟರ್ಮ್ ಜೊತೆ ಬರುವ ರಿಸೈಜ್ ಪ್ರೋಗ್ರಾಮ್ ಮಾಡುವುದೂ ಇದನ್ನೇ. ಕಾಪಿ ಮಾಡುವ ಪ್ರೋಗ್ರಾಮಿಗೆ ಇಷ್ಟೆಲ್ಲ ಜಾಸ್ತಿ ಅನಿಸಿತು. ಉತ್ತರ ಬರದಿದ್ದರೆ ಕಾಯುತ್ತಾ ಕೂರಬೇಕು, ಬಳಕೆದಾರ ಒತ್ತಿದ ಕೀಗಳೂ ಅದರಲ್ಲಿ ಬೆರೆಯುತ್ತವೆ. 0 ಬಂದರೆ 80 ಅಂದುಕೊಂಡು ಮುಂದೆ ಹೋದೆ.

ಓಡುತ್ತಿರುವಾಗಲೇ ವಿಂಡೋ ಅಳತೆ ಬದಲಾದರೆ ಸಿಗ್‌ವಿಂಚ್ ಸಿಗ್ನಲ್ ಬರುತ್ತದೆ. ಹ್ಯಾಂಡ್ಲರ್‌ನಲ್ಲಿ ಒಂದು ಫ್ಲ್ಯಾಗ್ ಎತ್ತುವುದು ಬಿಟ್ಟು ಬೇರೇನೂ ಮಾಡುವುದಿಲ್ಲ, ಪ್ರಿಂಟ್‌ಎಫ್ ಅಂತೂ ಅಲ್ಲಿ ಬೇಡವೇ ಬೇಡ. ಮುಖ್ಯ ಲೂಪ್ ಫ್ಲ್ಯಾಗ್ ನೋಡಿ ಮತ್ತೆ ಅಗಲ ಕೇಳುತ್ತದೆ. ಬಂದ ಅಗಲದಲ್ಲಿ ಒಂದು ಕಾಲಂ ಕಡಿಮೆ ಮಾಡಿಯೇ ಬಾರ್ ಬರೆಯುತ್ತೇನೆ. ಕೊನೆಯ ಕಾಲಂ ತುಂಬಿದ ಮೇಲೆ ಕರ್ಸರ್ ಎಲ್ಲಿ ನಿಲ್ಲುತ್ತದೆ ಅನ್ನುವುದು ಎಲ್ಲ ಟರ್ಮಿನಲ್‌ಗಳಲ್ಲೂ ಒಂದೇ ಅಲ್ಲ.

ಇನ್ನು ಉಳಿದದ್ದು ಕನ್ನಡದ ಫೈಲ್ ಹೆಸರುಗಳು. 'ಕನ್ನಡ' ಅನ್ನುವ ಪದ ಯುಟಿಎಫ್-8ರಲ್ಲಿ 15 ಬೈಟ್, 5 ಕೋಡ್ ಪಾಯಿಂಟ್. ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಅಕ್ಷರದ ಅಗಲ ಹೇಳುವ ಡಬ್ಲ್ಯೂಸಿವಿಡ್ತ್ ಪ್ರಕಾರ 4 ಕಾಲಂ, ಯಾಕೆಂದರೆ ನಡುವಿನ ಅರ್ಧಾಕ್ಷರದ ಚಿಹ್ನೆಗೆ ಅಗಲ ಇಲ್ಲ. ಸ್ಕ್ರೀನ್ ಮೇಲೆ ಒತ್ತಕ್ಷರ ಕೆಳಗೆ ಕೂತರೆ ಕಣ್ಣಿಗೆ ಕಾಣುವುದು ಮೂರೇ. ಬೇರೆ ಬೇರೆ ಟರ್ಮಿನಲ್‌ಗಳು ಬೇರೆ ಬೇರೆ ಲೆಕ್ಕ ಹಿಡಿಯುತ್ತವೆ. ಅದಕ್ಕೇ ಹೆಸರನ್ನು ಸಾಲಿನ ಬಲತುದಿಗೆ ಹಾಕಿದೆ. ಲೆಕ್ಕ ಅತ್ತಿತ್ತ ಆದರೂ ಬಾರ್ ಅಲುಗುವುದಿಲ್ಲ. ಅದಕ್ಕೆ ಬಿಟ್ಟ ಜಾಗವನ್ನು ಸ್ವಲ್ಪ ಧಾರಾಳವಾಗಿಯೇ ಇಟ್ಟಿದ್ದೇನೆ. ಅಗಲ ಅಳೆಯುವ ಮೊದಲು ಭಾಷೆ, ಅಕ್ಷರ ಸಂಕೇತ ಯಾವುದು ಅಂತ ಲೈಬ್ರರಿಗೆ ತಿಳಿಸುವ ಸೆಟ್‌ಲೊಕೇಲ್ ಕರೆಯಲೇಬೇಕು. ಇಲ್ಲದಿದ್ದರೆ ಆ ಬೈಟ್‌ಗಳು ಕನ್ನಡ ಅಂತ ಲೈಬ್ರರಿಗೆ ತಿಳಿಯುವುದೇ ಇಲ್ಲ.