ಕಾನ್ಫಿಗರ್ ಓಡ್ಸುವಾಗ ಶೆಲ್ ಕಿರಿಕ್ ಮಾಡಿದ್ರೆ ಎಂತ ಮಾಡೋದು

ನಮ್ಮ ಕಾಸರಗೋಡಿನ ಶಾಲೆ ಮಕ್ಕಳಿಗೆ ಲಿನಕ್ಸ್ ಹೊಸತಲ್ಲ, ಲ್ಯಾಬಲ್ಲಿ ಕೈಟ್‌ನವರ (ಕೇರಳದ ಶಾಲೆಗಳ ಐಟಿ ನೋಡ್ಕೊಳ್ಳುವ ಸಂಸ್ಥೆ) ಉಬುಂಟು ಆಧಾರದ ಸಿಸ್ಟಮ್ಮೇ ಇರೋದು, ಆದ್ರೆ ಸೋರ್ಸ್‌ನಿಂದ ಪ್ಯಾಕೇಜ್ ಬಿಲ್ಡ್ ಮಾಡ್ಲಿಕ್ಕೆ ಹೊರಟು, ಅದಕ್ಕೆ ಮೊದಲು ಸಿಸ್ಟಮ್ ಪರೀಕ್ಷೆ ಮಾಡುವ ಕಾನ್ಫಿಗರ್ ಸ್ಕ್ರಿಪ್ಟ್ ಓಡ್ಸುವಾಗ ನಡುವಲ್ಲಿ "ಅನೆಕ್ಸ್‌ಪೆಕ್ಟೆಡ್ ಆಪರೇಟರ್" ಅಂತ ಒಂದು ಲೈನ್ ಬಂದ್ರೆ ಹೆಚ್ಚಿನವ್ರು ಕಂಡೂ ಕಾಣದ ಹಾಗೆ ಬಿಡ್ತಾರೆ. ಬಿಡ್ಬೇಡಿ ಮಾರಾಯ್ರೆ.

ಸ್ಕ್ರಿಪ್ಟಿನ ಮೊದಲ ಲೈನಲ್ಲಿ #!/ಬಿನ್/ಎಸ್‌ಎಚ್ ಅಂತ ಉಂಟಲ್ಲ, ಅದು ಸ್ಕ್ರಿಪ್ಟಿನ ಕಮಾಂಡ್ ಓದಿ ನಡೆಸುವ ಶೆಲ್, ಬರೆದವ್ರ ಮೆಷಿನಲ್ಲಿ ಅದು ಬ್ಯಾಶ್ ಅನ್ನೋ ಶೆಲ್ ಆಗಿರ್ತದೆ, ಉಬುಂಟುವಲ್ಲಿ 2006ರ 6.10ರಿಂದ ಡ್ಯಾಶ್ ಅನ್ನೋ ಬೇರೆ ಶೆಲ್. ಡ್ಯಾಶ್‌ಗೆ ಟೆಸ್ಟ್ ಮಾಡುವ [ ] ಒಳಗೆ == ಆಗೋದಿಲ್ಲ, ಒಂದೇ = ಬೇಕು. ಸ್ಕ್ರಿಪ್ಟ್ ಅಲ್ಲೇ ನಿಂತ್ರೆ ಪರ್ವಾಗಿಲ್ಲ, ಅದು ನಿಲ್ಲೋದೂ ಇಲ್ಲ, ಟೆಸ್ಟ್ ಫೇಲ್ ಅಂತ ಲೆಕ್ಕ ಹಾಕಿ ಎಲ್ಸ್ ಕಡೆ ಹೋಗ್ತದೆ, ನೀವು ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕದ ಸೌಲಭ್ಯ) ಬೇಕು ಅಂತ ಕೊಟ್ಟಿದ್ರೂ ಅದಿಲ್ಲದೇ ಬಿಲ್ಡ್ ಮುಗಿದು ಕೂತಿರ್ತದೆ.

ಅರ್ಜೆಂಟಿಗೆ ಕಾನ್ಫಿಗ್_ಶೆಲ್ ವೇರಿಯಬಲ್‌ಗೆ ಬ್ಯಾಶ್‌ನ ಪಾತ್ ಕೊಟ್ಟು ಕಾನ್ಫಿಗರನ್ನ ಬ್ಯಾಶ್‌ನಿಂದ್ಲೇ ಓಡ್ಸಿ. ಮೇಕ್ ಕಮಾಂಡಿಗೆ ಬಿಲ್ಡ್ ಹೇಗೆ ಅಂತ ಹೇಳುವ ಮೇಕ್‌ಫೈಲಲ್ಲೂ ಅದೇ ಗೋಳಾದ್ರೆ ಮೇಕ್ ಕೊಡುವಾಗ ಶೆಲ್ ಅನ್ನೋ ವೇರಿಯಬಲ್‌ಗೂ ಬ್ಯಾಶ್‌ನ ಪಾತ್ ಕೊಡಿ.

ಸರಿಯಾಗಿ ರಿಪೇರಿ ಮಾಡ್ಬೇಕಾದ್ರೆ ಡೆವ್‌ಸ್ಕ್ರಿಪ್ಟ್ಸ್ ಪ್ಯಾಕೇಜ್ ಹಾಕಿ ಅದರಲ್ಲಿರುವ ಚೆಕ್‌ಬ್ಯಾಶಿಸಮ್ಸ್ (ಬ್ಯಾಶ್‌ಗೆ ಮಾತ್ರ ಆಗುವ ಬರಹ ಹುಡುಕುವ ಟೂಲ್) ಓಡ್ಸಿ, ಯಾವ ಲೈನಲ್ಲಿ ತಕರಾರು ಅಂತ ಅದೇ ಹೇಳ್ತದೆ. [[ ]] ಇದ್ರೆ [ ] ಮಾಡಿ, ಸೋರ್ಸ್ ಕಮಾಂಡ್ ಜಾಗಕ್ಕೆ ಬರೀ ಚುಕ್ಕಿ, ಎಕೋ -ಇ ತೆಗೆದು ಪ್ರಿಂಟ್‌ಎಫ್, ಇಲ್ಲಾಂದ್ರೆ ಡ್ಯಾಶ್ ಆ -ಇ ಯನ್ನೂ ಸೇರಿಸಿ ಪ್ರಿಂಟ್ ಮಾಡ್ತದೆ. ಮೊದಲ ಲೈನಿಗೆ /ಬಿನ್/ಬ್ಯಾಶ್ ಹಾಕಿದ್ರೆ ಸಾಕಲ್ವಾ ಅಂತ ಕೇಳ್ಬೇಡಿ, ಫ್ರೀಬಿಎಸ್‌ಡಿ ಅನ್ನೋ ಬೇರೆ ಆಪರೇಟಿಂಗ್ ಸಿಸ್ಟಮ್ಮಲ್ಲಿ ಬ್ಯಾಶ್ ಅಲ್ಲಿರೋದಿಲ್ಲ, ಹಾಕಿಕೊಂಡ್ರೂ /ಯುಎಸ್‌ಆರ್/ಲೋಕಲ್/ಬಿನ್ ಒಳಗೆ ಹೋಗ್ತದೆ.

ಮತ್ತೆ ತಿದ್ದೋದು ಕಾನ್ಫಿಗರ್.ಎಸಿ ಫೈಲನ್ನ, ಕಾನ್ಫಿಗರನ್ನ ಅಲ್ಲ, ಯಾಕಂದ್ರೆ ಕಾನ್ಫಿಗರ್ ತಯಾರಾಗೋದೇ ಅದ್ರಿಂದ, ಆಮೇಲೆ ಅದನ್ನ ಮತ್ತೆ ತಯಾರು ಮಾಡ್ಲಿಕ್ಕೆ ಆಟೋರೀಕಾನ್ಫ್ ಓಡ್ಸಿ.