ಪಲ್ಸ್ ಶಕ್ತಿ ಇಳಿಸದೆ ಎಕ್ಸ್‌ರೇ ಇಳಿಸಿದ್ದು

ಫೆಮ್ಟೋಸೆಕೆಂಡ್ ಲೇಸರ್‌ನಲ್ಲಿ, ಅಂದರೆ ಊಹೆಗೂ ಸಿಗದಷ್ಟು ಚಿಕ್ಕ ಬೆಳಕಿನ ಮಿಡಿತ (ಪಲ್ಸ್) ಬಿಡುವ ಲೇಸರ್‌ನಲ್ಲಿ, ಟಂಗ್‌ಸ್ಟನ್ ಕಾರ್ಬೈಡ್ ಎಂಬ ಗಡಸು ವಸ್ತು ಕೆತ್ತಿದರೆ ಎಕ್ಸ್‌ರೇ ಹುಟ್ಟುತ್ತದೆ ಅನ್ನೋದು ಈ ಕಸುಬಿನವರಿಗೆ ಹೊಸದಲ್ಲ. ತಡೆಯಬೇಕಾದರೆ ಸೀಸದ ಗೂಡು ಕಟ್ಟು, ಇಲ್ಲವೇ ಪವರ್ ಇಳಿಸಿ ನಿಧಾನಕ್ಕೆ ಮಾಡು ಅಂತ ಪೀಣ್ಯದ ಗೆಳೆಯರು ಹೇಳುತ್ತಲೇ ಇದ್ದರು. ಹಾಸನದ ನನ್ನ ಶೆಡ್ಡಿನಲ್ಲಿ ಕೊನೆಗೆ ಎರಡೂ ಬೇಕಾಗಲಿಲ್ಲ. ವಿಕಿರಣ ಇಳಿಯಿತು, ಕೆಲಸವೂ ಬೇಗ ಮುಗಿಯತೊಡಗಿತು. ಹೇಗೆ ಅಂತ ಬಹಳ ಜನ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ಮೆಷಿನ್ ಸೆಕೆಂಡ್ ಹ್ಯಾಂಡ್. 20 ವ್ಯಾಟ್, 1030 ನ್ಯಾನೋಮೀಟರ್, ಪಲ್ಸ್ ಉದ್ದ 300 ಫೆಮ್ಟೋಸೆಕೆಂಡ್ ಆಸುಪಾಸು. ಸಾಗಣೆ, ಲೇಸರ್ ತಂಪಿಡುವ ಚಿಲ್ಲರ್ ಎಲ್ಲ ಸೇರಿ ನಲವತ್ತೈದು ಲಕ್ಷದ ಹತ್ತಿರ ಬಿತ್ತು, ಮುಕ್ಕಾಲು ಪಾಲು ಬ್ಯಾಂಕ್ ಸಾಲ. ನಮ್ಮ ಕಡೆಯ ಮಳೆಗಾಲದಲ್ಲಿ ಚಿಲ್ಲರ್ ಪೈಪಿನ ಮೇಲೆ ನೀರು ಕೂರುವ ಕಾಟ ಬೇರೆ. ಓಡಿಸುತ್ತಿದ್ದುದು 40 ಮೈಕ್ರೋಜೂಲ್, 400 ಕಿಲೋಹರ್ಟ್ಸ್, 30 ಮೈಕ್ರಾನ್ ಚುಕ್ಕೆಯಲ್ಲಿ. ಲೆಕ್ಕ ಹಾಕಿದರೆ ಬೆಳಕಿನ ತೀವ್ರತೆ ಚದರ ಸೆಂಟಿಮೀಟರಿಗೆ ಹೆಚ್ಚುಕಮ್ಮಿ 4×10¹³ ವ್ಯಾಟ್. ಜರ್ಮನಿಯ ವಿಕಿರಣ ರಕ್ಷಣಾ ಕಾನೂನು ಗೆರೆ ಎಳೆದಿರುವುದು 10¹³ಕ್ಕೆ. ಅಂದರೆ ನಾನು ಗೆರೆಯ ನಾಲ್ಕು ಪಟ್ಟು ಮೇಲಿದ್ದೆ, ಅದೂ ಟಂಗ್‌ಸ್ಟನ್‌ನಂಥ ಭಾರದ ಲೋಹದ ಮೇಲೆ.

ಮೊದಲು ವಿಕಿರಣ ಎಣಿಸುವ ಐದಾರು ಸಾವಿರದ ಗೈಗರ್ ಕೌಂಟರ್ ತರಿಸಿದೆ. ಲೇಸರ್ ಹಾಕಿದರೂ ತೆಗೆದರೂ ಒಂದೇ ಅಂಕಿ. ನಮ್ಮ ಆಪರೇಟರ್ ಹುಡುಗನಿಗೆ ಖುಷಿಯೋ ಖುಷಿ, "ಏನೂ ಇಲ್ಲ ಬಿಡಣ್ಣ" ಅಂದ. ನನಗೆ ನಂಬಿಕೆ ಬರಲಿಲ್ಲ. ಇಲ್ಲಿ ಬರುವ ಎಕ್ಸ್‌ರೇ ಬಹುಪಾಲು 5ರಿಂದ 20 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಮೆದು ಜಾತಿಯದು, ಅಂಥ ಕೌಂಟರಿನೊಳಗಿನ ಟ್ಯೂಬಿನ ಗೋಡೆಯನ್ನು ಅದು ದಾಟುವುದೇ ಕಷ್ಟ. ದಾಟಿದರೂ ಸೆಕೆಂಡಿಗೆ ನಾಲ್ಕು ಲಕ್ಷ ಪಲ್ಸ್ ಬರುವಾಗ ಒಂದನ್ನು ಎಣಿಸಿ ಸುಧಾರಿಸಿಕೊಳ್ಳುವುದರೊಳಗೆ ಹತ್ತಾರು ಕಳೆದುಹೋಗಿರುತ್ತವೆ. ಅದಕ್ಕೇ ಪಲ್ಸ್ ಎಣಿಸದೆ ಒಟ್ಟು ಡೋಸ್ ಅಳೆಯುವ, ತೆಳು ಕಿಟಕಿಯ ಅಯಾನ್ ಚೇಂಬರ್ ಮೀಟರನ್ನು ಬೆಂಗಳೂರಿನಿಂದ ಬಾಡಿಗೆಗೆ ತಂದೆ. ದಿನದ ಬಾಡಿಗೆ ಕೇಳಿ ಎದೆ ಝಲ್ಲೆಂದಿತ್ತು. ಅದಕ್ಕಿಂತ ಝಲ್ಲೆಂದದ್ದು ರೀಡಿಂಗ್ ನೋಡಿ: ಒಂದು ಗೇಣು ದೂರದಲ್ಲಿ, ಕೈ ಹೋಗುವ ಜಾಗದಲ್ಲೇ, ಗಂಟೆಗೆ ಸುಮಾರು 300 ಮೈಕ್ರೋಸೀವರ್ಟ್ ಚರ್ಮದ ಡೋಸ್. ಸಾರ್ವಜನಿಕರ ಚರ್ಮಕ್ಕೆ ವರ್ಷದ ಮಿತಿ 50 ಮಿಲಿಸೀವರ್ಟ್. ಅಲ್ಲಿ ಕೈಯಿಟ್ಟರೆ ಒಂದು ತಿಂಗಳ ಶಿಫ್ಟಿನಲ್ಲಿ ಅದು ಮುಗಿಯಿತು.

ಸೀಸದ ಹಾಳೆಗೆ ಮೂವತ್ತು ಸಾವಿರ ಸುರಿದೆ. ಬಾಗಿಲು ಜೋತುಬಿತ್ತು, ಹಿಂಜ್ ಕಿತ್ತಿತು. ಆಮೇಲೆ ನೋಡಿದರೆ ಈ ಮೆದು ಎಕ್ಸ್‌ರೇಗೆ ಸೀಸವೇ ಬೇಡ, ಒಂದು ಮಿಲಿಮೀಟರ್ ಉಕ್ಕಿನ ತಗಡು ಧಾರಾಳ. ಸೋರುತ್ತಿದ್ದುದು ನೋಡುವ ಕಿಟಕಿಯಿಂದ. ಲೇಸರ್ ಬೆಳಕನ್ನು ಚೆನ್ನಾಗಿ ತಡೆಯುವ ಐದು ಮಿಲಿಮೀಟರ್ ಅಕ್ರಿಲಿಕ್, 20 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಎಕ್ಸ್‌ರೇಯಲ್ಲಿ ಮುಕ್ಕಾಲು ಪಾಲನ್ನು ಹಾಗೇ ಬಿಟ್ಟುಬಿಡುತ್ತದೆ. ಪಲ್ಸನ್ನು ನಾಲ್ಕು ಪಿಕೋಸೆಕೆಂಡಿಗೆ ಎಳೆದು ನೋಡಿದೆ. ಡೋಸ್ ಇಳಿಯಿತು, ಆದರೆ ಅಂಚಿನಲ್ಲಿ ಕರಗಿ ಗಟ್ಟಿಯಾದ ಮುಳ್ಳು (ಬರ್) ಎದ್ದು ಗಿರಾಕಿ ಮಾಲು ವಾಪಸ್ ಕಳಿಸಿದರು. ಝಡ್, ಅಂದರೆ ಲೇಸರ್ ತಲೆಯ ಎತ್ತರ, ಇಳಿಸಿ ಫೋಕಸ್ ತಪ್ಪಿಸಿದರೆ ಬೀಮಿನ ಆಕಾರವೇ ಕೆಟ್ಟು, ಗುಂಡಿಯ ತಳ ಉಬ್ಬುತಗ್ಗಾಯಿತು. ಆ ಎರಡು ಪಂಚ್‌ಗಳ, ಅಂದರೆ ನಾನು ಕೆತ್ತಿಕೊಡುವ ಕಾರ್ಬೈಡ್ ಅಚ್ಚುಗಳ, ದುಡ್ಡು ನನ್ನ ತಲೆ ಮೇಲೇ ಬಂತು.

ಕೊನೆಗೆ ಹಿಡಿದದ್ದು ಬೀಮ್ ಎಕ್ಸ್‌ಪ್ಯಾಂಡರ್, ಬೀಮನ್ನು ಹಿಗ್ಗಿಸುವ, ಕುಗ್ಗಿಸುವ ಮಸೂರಗಳ ಜೋಡಣೆ. ಬೀಮ್ ಕಿರಿದಾದಷ್ಟೂ ಫೋಕಸ್‌ನಲ್ಲಿ ಬೀಳುವ ಚುಕ್ಕೆ ದಪ್ಪ. ಬೀಮನ್ನು ಅತ್ತಿತ್ತ ಓಡಿಸುವ ಸ್ಕ್ಯಾನರ್‌ಗೆ ಹೋಗುವ ಮೊದಲೇ ಅದನ್ನು ಮೂರನೇ ಒಂದಕ್ಕೆ ಕಿರಿದು ಮಾಡಿದರೆ ಚುಕ್ಕೆ 30ರಿಂದ 100 ಮೈಕ್ರಾನ್ ಹತ್ತಿರ ಹೋಗುತ್ತದೆ, ಫೋಕಸ್ ಫೋಕಸ್‌ನಲ್ಲೇ ಇರುತ್ತದೆ. ಪಲ್ಸ್ ಅದೇ 40 ಮೈಕ್ರೋಜೂಲ್, ಹರವು ಹನ್ನೊಂದು ಪಟ್ಟು. ತೀವ್ರತೆ 10¹³ರ ಮೂರನೇ ಒಂದು ಭಾಗಕ್ಕೆ ಬಂದು ಕೂತಿತು. ಒರಟು ಕೆತ್ತನೆ ಪೂರಾ ಇದರಲ್ಲಿ. ಮೂಲೆ, ಅಂಚುಗಳಿಗೆ ಮಾತ್ರ ಮತ್ತೆ 30 ಮೈಕ್ರಾನ್, ಆದರೆ 4 ಮೈಕ್ರೋಜೂಲ್‌ನಲ್ಲಿ.

"ದಪ್ಪ ಚುಕ್ಕೆ ಹಾಕಿದ್ರೆ ಸವರ್ಕೊಂಡು ಹೋಗುತ್ತೆ ಅಷ್ಟೇ ಗೌಡ್ರೇ, ಕೆತ್ತಲ್ಲ" ಅಂದಿದ್ದರು ಪೀಣ್ಯದ ಒಬ್ಬರು. ಅವರ ಮಾತು ಉಲ್ಟಾ ಆಯಿತು. ಲೋಹ ಕಿತ್ತುಬರುವ ಹೊಸ್ತಿಲಿಗಿಂತ ಏಳೆಂಟು ಪಟ್ಟು ಫ್ಲೂಯೆನ್ಸ್ (ಚದರ ಸೆಂಟಿಮೀಟರಿಗೆ ಬೀಳುವ ಪಲ್ಸ್ ಶಕ್ತಿ) ಕೊಟ್ಟಾಗ ವ್ಯಾಟ್‌ಗೆ ಅತಿ ಹೆಚ್ಚು ಲೋಹ ಬರುತ್ತದೆ. ನಾನು ಮೊದಲು ಚದರ ಸೆಂಟಿಮೀಟರಿಗೆ ಕೊಡುತ್ತಿದ್ದ 11 ಜೂಲ್‌ನಲ್ಲಿ ಹೆಚ್ಚಿನದು ಪ್ಲಾಸ್ಮಾ, ಅಂದರೆ ಲೋಹದಿಂದ ಎದ್ದ ವಿದ್ಯುತ್ ಕಣಗಳ ಬಿಸಿ ಆವಿ, ಕಾಯಿಸುವುದಕ್ಕೇ ಹೋಗುತ್ತಿತ್ತು, ಎಕ್ಸ್‌ರೇ ಹುಟ್ಟುವುದೂ ಅದರಲ್ಲೇ. ಈಗ ಕೊಡುವುದು ಒಂದು ಜೂಲ್. ಒಂದೂಕಾಲು ಗಂಟೆ ಹಿಡಿಯುತ್ತಿದ್ದ ಪಂಚ್ ಮುಕ್ಕಾಲು ಗಂಟೆಗೆ ಇಳಿಯುತ್ತದೆ. ಮೀಟರ್ ಮತ್ತೆ ತಂದು ಅದೇ ಜಾಗಕ್ಕೆ ಹಿಡಿದರೆ ಮುಳ್ಳು ಅಲುಗಲಿಲ್ಲ. ಅದರ ವಿಡಿಯೋ ಕಳಿಸಿದ ಮೇಲೆ ಆ ಪುಣ್ಯಾತ್ಮರು ಫೋನ್ ಮಾಡಿ ಎಕ್ಸ್‌ಪ್ಯಾಂಡರ್ ಎಲ್ಲಿ ಸಿಗುತ್ತೆ ಅಂತ ಕೇಳಿದರು. ಎಕ್ಸ್‌ಪ್ಯಾಂಡರ್ ವಿಳಾಸ ಕೊಟ್ಟೆ. ಎರಡು ಚುಕ್ಕೆಗಳ ಕೆತ್ತನೆ ಒಂದಕ್ಕೊಂದು ಕೂಡುವ ಜಾಗದಲ್ಲಿ ಗೆರೆ ಬೀಳದ ಹಾಗೆ ಹೇಗೆ ಮಾಡುತ್ತೇನೆ ಅನ್ನೋದನ್ನು ಅವರಿಗೂ ಹೇಳಿಲ್ಲ, ಇಲ್ಲೂ ಬರೆಯಲ್ಲ. ಸಾಲ ಇನ್ನೂ ಇದೆ.

ನಡುವೆ ಒಂದು ಚಪಲ. ಮನೆಯ ಕಾಫಿ ಫಿಲ್ಟರ್‌ಗೆ 0.3 ಮಿಲಿಮೀಟರ್ ಸ್ಟೀಲ್ ತಗಡಿನಲ್ಲಿ 150 ಮೈಕ್ರಾನ್ ತೂತು ಕೊರೆದೆ. ಲೇಸರ್ ತೂತು ಬೀಮ್ ಹೊಕ್ಕ ಕಡೆ ಅಗಲ, ಹೊರಬಂದ ಕಡೆ ಕಿರಿದು. ಅಗಲ ಬಾಯಿ ಮೇಲಿಟ್ಟರೆ ಪುಡಿ ಸಿಕ್ಕಿಕೊಂಡು ಡಿಕಾಕ್ಷನ್ ಇಳಿಯಲೇ ಇಲ್ಲ, ಬೆಳಿಗ್ಗೆ ಬೈಗುಳ ತಿಂದೆ. ತಿರುಗಿಸಿ ಹಾಕಿದ ಮೇಲೆ ಸಕಲೇಶಪುರದ ಪುಡಿ, ಚಿಕೋರಿ ಸಮೇತ, ಸರಾಗವಾಗಿ ಇಳಿಯುತ್ತಿದೆ. ಮಾರಲು ಹೊರಟರೆ ಒಂದು ಪ್ಲೇಟಿಗೆ ಎಂಟುನೂರಾದರೂ ಬೇಕು, ಯಾರು ಕೊಡುತ್ತಾರೆ?

ಕೊರೆಯುವುದಕ್ಕೆ ಮಾತ್ರ ದಪ್ಪ ಚುಕ್ಕೆ ನಡೆಯುವುದಿಲ್ಲ, ತೀವ್ರತೆ ಬೇಕೇ ಬೇಕು. ಅದನ್ನು ಉಕ್ಕಿನ ಪೆಟ್ಟಿಗೆಯಲ್ಲಿ, ಕಿಟಕಿ ಮುಚ್ಚಿ, ಕ್ಯಾಮೆರಾದಲ್ಲಿ ನೋಡುತ್ತಾ ಮಾಡುತ್ತೇನೆ. ಬಾಗಿಲು ತೆಗೆದರೆ ಇಂಟರ್‌ಲಾಕ್ ಲೇಸರ್ ನಿಲ್ಲಿಸುತ್ತದೆ. ಇನ್ನೊಂದು: ನನ್ನ ಅಂಕಿಗಳು ಬಿಡಿ ಪಲ್ಸ್‌ಗೆ. ಬರ್ಸ್ಟ್ ಮೋಡ್, ಅಂದರೆ ಪಲ್ಸ್‌ಗಳನ್ನು ಒತ್ತೊತ್ತಾಗಿ ಗುಂಪಾಗಿ ಬಿಡುವ ಕ್ರಮ, ಹಾಕಿದರೆ ಹಿಂದಿನ ಪಲ್ಸ್ ಎಬ್ಬಿಸಿದ ಪ್ಲಾಸ್ಮಾದೊಳಗೇ ಮುಂದಿನದು ಹೋಗಿ ಬೀಳುತ್ತದೆ, ಎಕ್ಸ್‌ರೇ ಏರುತ್ತದೆ. ಹಾಗೆ ಓಡಿಸುವವರು ಬಾಡಿಗೆಗೆ ಜಿಪುಣತನ ಮಾಡದೆ ತೆಳು ಕಿಟಕಿಯ ಮೀಟರ್ ತರಿಸಿಯೇ ಶುರು ಮಾಡಿ.